ಆರನೆಯ ಕಲ್ಲುಗುಪ್ಪೆ

ಟೋಲ್‌ಗೇಟ್ ಕಣಿವೆಯಲ್ಲಿ ಗಣಿಯ ಬೆಳ್ಳಿ ಮುಗಿದಾಗ ಜನ ಮರದ ಮನೆಗಳನ್ನೂ ಬಿಟ್ಟುಹೋಗಲಿಲ್ಲ. ದಿಮ್ಮಿಗಳ ಮೇಲೆ ಉರುಳಿಸುತ್ತ ಮುಂದಿನ ಶಿಬಿರಕ್ಕೆ ಎಳೆದೊಯ್ದರು. ಹಾಗಾಗಿ ನೂರಿಪ್ಪತ್ತು ವರ್ಷಗಳ ನಂತರ, ಕೌಂಟಿಯ, ಅಂದರೆ ಜಿಲ್ಲಾಡಳಿತದ, ಮ್ಯೂಸಿಯಮ್ಮಿಗಾಗಿ ಹಳೆಯ ಗಣಿ ಶಿಬಿರಗಳ ಪಟ್ಟಿ ಮಾಡುತ್ತಿದ್ದ ವರ್ನಾ ಟಕೆಟ್‌ಗೆ ಅಲ್ಲಿ ಕಂಡದ್ದು ಕಲ್ಲುಗುಪ್ಪೆಗಳು ಮಾತ್ರ. ‘ಗಣಿ ಹಕ್ಕಿನ ಗುರುತುಗಳು, ಆರು’ ಎಂದು ಬರೆದುಕೊಂಡಳು. ಅಕ್ಟೋಬರಿನ ಚಳಿ, ಕತ್ತಲಾಗುವ ಮೊದಲು ಇಳಿಯಬೇಕಿತ್ತು.

ಆ ಸಾಲನ್ನು ನೋಡಿಯೇ ಕೌಂಟಿಯವರು, ಉಳಿಸುವಂಥದ್ದು ಅಲ್ಲೇನೂ ಇಲ್ಲವೆಂದು, ರಸ್ತೆಗೆ ಜಲ್ಲಿ ತೆಗೆಯಲು ಆ ಇಳಿಜಾರನ್ನೇ ಗೊತ್ತುಮಾಡಿದರು. ಮೇ ತಿಂಗಳ ಒಂದು ಸೋಮವಾರ ಯಂತ್ರ ಬರಲಿತ್ತು.

ಅದಕ್ಕೆ ನಾಲ್ಕು ದಿನ ಮೊದಲು ಕುರಿ ಸಾಕುವ ಓಡೆಲ್ ಪ್ರಿಸ್ಬ್ರಿ ಮ್ಯೂಸಿಯಮ್ಮಿಗೆ ಬಂದ. ಎಂಬತ್ತೊಂದರ ಮುದುಕ. ಪಟ್ಟಿ ಓದಿ ಕನ್ನಡಕ ತೆಗೆದ.

“ಅಲ್ಲ ಕಣಮ್ಮ, ಒಂದು ಗಣಿ ಜಾಗಕ್ಕೆ ಮೂಲೆ ಎಷ್ಟು?”

“ನಾಲ್ಕು.”

“ಮೂಲೆಗೊಂದು ಗುಪ್ಪೆ. ಅದಿರು ಸಿಕ್ಕಿದ ಕಡೆ ಇನ್ನೊಂದು, ಅದರೊಳಗೆ ತಗಡಿನ ಡಬ್ಬೀಲಿ ಯಜಮಾನನ ಹೆಸರಿನ ಚೀಟಿ. ಐದಾಯ್ತು. ಅಲ್ಲಿದ್ದಿದ್ದು ಒಂದೇ ಗಣಿ, ನಮ್ಮಜ್ಜ ದುಡಿದಿದ್ದೂ ಅದರಲ್ಲೇ. ಆರನೇದು ಯಾರದು?”

ವರ್ನಾ ಪಟ್ಟಿಯನ್ನು ತನ್ನತ್ತ ಎಳೆದುಕೊಂಡಳು. ಆರನೆಯದು ಚಿಕ್ಕದು, ಗಡಿಯ ಒಳಗೇ ಇತ್ತು. ಪಕ್ಕದಲ್ಲೊಂದು ಬೋಳು ಪೊದೆ. ನೋಡಿದ್ದಳು, ಯೋಚಿಸಿರಲಿಲ್ಲ.

ಮಧ್ಯಾಹ್ನವೇ ಇಬ್ಬರೂ ಹತ್ತಿದರು. ಬೋಳು ಪೊದೆ ಚಿಗುರಿ ಮೊಗ್ಗು ಬಿಟ್ಟಿತ್ತು; ಮನೆಯಂಗಳದಲ್ಲಿ ಬೆಳೆಸುವ ಲೈಲ್ಯಾಕ್ ಹೂವಿನ ಗಿಡ. ಯಾರಾದರೂ ನೆಟ್ಟು ನೀರೆರೆಯದೆ ಆ ಬೆಟ್ಟದಲ್ಲಿ ಆ ಗಿಡ ಬರುವುದಿಲ್ಲ. ಕಲ್ಲುಗಳ ಸಂದಿಯಲ್ಲಿ ತುಕ್ಕು ಹಿಡಿದ ಸಣ್ಣ ಸರಳುಗಳಿದ್ದವು.

“ಮಗುವಿನ ಮಂಚ,” ಎಂದ ಓಡೆಲ್, ಟೋಪಿ ತೆಗೆಯುತ್ತ. “ಕೂಸಿನ ಗೋರಿಗೆ ಬೇಲಿ ಹಾಕೋಕೆ ಬೇರೇನೂ ಇರ್ತಿರ್ಲಿಲ್ಲ. ಮಲಗಿದ್ದ ಮಂಚಾನೇ ಸುತ್ತ ನಿಲ್ಲಿಸೋರು. ನರಿ ಕೆದಕಬಾರದು ಅಂತ ಮೇಲೆ ಕಲ್ಲು.”

ಮನೆಯನ್ನು ಎಳೆದುಕೊಂಡು ಹೋಗಬಹುದಿತ್ತು. ಇದನ್ನು ಹೇಗೆ ಒಯ್ಯುವುದು?

ಆ ರಾತ್ರಿ ವರ್ನಾ ಸರಿಯಾಗಿ ನಿದ್ದೆ ಮಾಡಲಿಲ್ಲ. ಒಂದು ಸಾಲು ತಪ್ಪೆಂದು ಒಪ್ಪಿಕೊಂಡರೆ ಉಳಿದ ನಲವತ್ತು ಶಿಬಿರಗಳ ಸಾಲುಗಳನ್ನು ಯಾರು ನಂಬುತ್ತಾರೆ? ಒಪ್ಪದಿದ್ದರೆ ಸೋಮವಾರ ಯಂತ್ರ ಬರುತ್ತದೆ.

ಶುಕ್ರವಾರ ಕೌಂಟಿಯ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಅಧ್ಯಕ್ಷ ರೂಲನ್ ಹೇಟ್ ಪೆನ್ನು ಕೆಳಗಿಟ್ಟ.

“ಅಂದ್ರೆ ನಿಮ್ಮ ಪಟ್ಟಿ ತಪ್ಪು?”

“ಈ ಸಾಲು ತಪ್ಪು. ಬರೆದವಳು ನಾನೇ. ಬೇರೆ ಕಡೆಯೂ ತಪ್ಪಿರಬಹುದು. ಈ ಬೇಸಿಗೇಲಿ ಎಲ್ಲಾನೂ ಮತ್ತೆ ನಡೆದು ನೋಡ್ತೀನಿ.”

“ನಲವತ್ತೂ? ಒಬ್ಬರೇ?”

“ಜೊತೆಗೆ ನಾನಿರ್ತೀನಿ,” ಎಂದ ಓಡೆಲ್ ಹಿಂದಿನ ಬೆಂಚಿನಿಂದ. “ನನ್ನ ಮುಖ ನೋಡಿ ನೋಡಿ ಕುರಿಗಳಿಗೂ ಸಾಕಾಗಿದೆ.”

ನಗು ನಿಂತ ಮೇಲೆ ರೂಲನ್ ಕಣಿವೆಯ ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಜಲ್ಲಿಯನ್ನು ಹಳ್ಳದ ಆಚೆ ದಡದಿಂದ ತೆಗೆಯಿರಿ ಎಂದು ಬರೆಸಿದ. ಸಭೆ ಮುಗಿದು ಹೊರಡುವಾಗ ವರ್ನಾಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

“ನಮ್ಮ ಮುತ್ತಜ್ಜೀದೂ ಒಂದು ಕೂಸು ಬಕ್‌ಹಾರ್ನ್ ಶಿಬಿರದಲ್ಲಿ ಹೋಯ್ತಂತೆ. ಎಲ್ಲಿ ಹೂಳಿದ್ರು ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿಂದ್ಲೇ ಶುರು ಮಾಡ್ತೀರಾ?”

ಸೋಮವಾರ ಬೆಳಗ್ಗೆ ವರ್ನಾ, ಓಡೆಲ್ ಇಬ್ಬರೂ ಬಕ್‌ಹಾರ್ನ್ ಹತ್ತಿದರು. ಈ ಸಲ ವರ್ನಾ ಕಲ್ಲುಗುಪ್ಪೆ ಎಣಿಸುವ ಮೊದಲು, ಎಲ್ಲಾದರೂ ಯಾರೋ ನೆಟ್ಟ ಹೂವಿದೆಯೇ ಎಂದು ನೋಡಿದಳು.