ಹನ್ನೊಂದನೆಯ ಮಂಚ ಇಲ್ಲದ ಪುಸ್ತಕ

ನಾನು ಒಂದು ಕಾದಂಬರಿ. ಗದಗಿನ ಸಣ್ಣ ಪ್ರೆಸ್ಸೊಂದರಲ್ಲಿ, ಅಂಟಿನ ವಾಸನೆಯ ನಡುವೆ ಹುಟ್ಟಿದೆ. ಹುಟ್ಟುವಾಗಲೇ ಊನವಾಯಿತು. ನಮ್ಮಂಥವರ ಮೈ ಹದಿನಾರು ಹದಿನಾರು ಪುಟಗಳ ಕಟ್ಟುಗಳಿಂದ ಆಗುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಬೈಂಡಿಂಗಿನವರು ಒಂದು ಫಾರಂ ಎರಡು ಸಲ ಇಟ್ಟು, ಅದರ ಮುಂದಿನದನ್ನು ಬಿಟ್ಟೇಬಿಟ್ಟರು. ಎಂಬತ್ತನೆಯ ಪುಟ ಆದ ಮೇಲೆ ನನ್ನಲ್ಲಿ ಮತ್ತೆ ಅರವತ್ತೈದು ಬರುತ್ತದೆ. ಎಂಬತ್ತೊಂದರಿಂದ ತೊಂಬತ್ತಾರರವರೆಗೆ ಏನೂ ಇಲ್ಲ. ನನ್ನ ಒಡಹುಟ್ಟಿದವರೆಲ್ಲರ ಪಾಡೂ ಇದೇ.

ಹೋದದ್ದು ಬೇರೆ ಯಾವುದೋ ಪುಟವಾಗಿದ್ದರೆ ನಾನು ಇಷ್ಟು ಗೋಳಾಡುತ್ತಿರಲಿಲ್ಲ. ಅಲ್ಲಿದ್ದದ್ದು ‘ಹನ್ನೊಂದನೆಯ ಮಂಚ’ ಎಂಬ ಅಧ್ಯಾಯ. ನನ್ನನ್ನು ಬರೆದ ದಾಕ್ಷಾಯಣಿ ಕಬ್ಬೂರ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಊರ ಕೂಸುಗಳನ್ನೆಲ್ಲ ಎತ್ತಿಕೊಂಡವರ ಸ್ವಂತ ಕೂಸು ಅದೇ ವಾರ್ಡಿನ ಹನ್ನೊಂದನೆಯ ಮಂಚದ ಮೇಲೆ, ಹುಟ್ಟಿದ ದಿನವೇ ತೀರಿಹೋಗಿತ್ತು. ಆ ಸಂಕಟವನ್ನು ಅವರು ಗಂಡನ ಮುಂದೆಯೂ ಆಡಿರಲಿಲ್ಲ. ಬಾಯಿಗೆ ಬಾರದ್ದನ್ನು ಮುಪ್ಪಿನಲ್ಲಿ ಕೈ ಬರೆಯಿತು. ಯಾರಾದರೂ ಒಬ್ಬರು ಅದನ್ನು ಓದಲಿ ಎಂಬುದೊಂದೇ ಅವರ ಆಸೆ.

ಪ್ರಕಾಶಕರು ‘ಈಗ ಕಾದಂಬರಿ ಓಡುವುದಿಲ್ಲ’ ಎಂದು ಹಸ್ತಪ್ರತಿ ಮರಳಿಸಿದಾಗ ಅವರು ತಾವೇ ಅಚ್ಚು ಹಾಕಿಸಿದರು. ಕೂಸಿಗೆ ಇಡಬೇಕೆಂದಿದ್ದ ಹೆಸರು ಪ್ರಕಾಶನಕ್ಕೆ ಬಂತು: ನಂದಿನಿ ಪ್ರಕಾಶನ.

ಸಲಹೆ ಕೊಡಲು ಅಂದಾನೆಪ್ಪ ಬಳೂಟಗಿ ಇದ್ದರು. ತಮ್ಮ ಪುಸ್ತಕಗಳನ್ನೆಲ್ಲ ತಾವೇ ಅಚ್ಚು ಹಾಕಿಸಿಕೊಂಡು ಪಳಗಿದವರು.

“ಅಕ್ಕಾರ, ಪುಸ್ತಕ ತಾನಾಗೇ ನಡಿಯೂದಿಲ್ರಿ, ನಾವ ನಡಸಬೇಕು. ಮೊದಲ ಬಿಡುಗಡಿ ಮಾಡ್ರಿ. ಬಂದವರಿಗೆಲ್ಲಾ ಶಾಲು ಹೊದಸ್ರಿ, ಗೌರವ ಪ್ರತಿ ಕೊಡ್ರಿ, ಫೋಟೋ ತಗದು ವಾಟ್ಸಾಪಿಗೆ ಬಿಡ್ರಿ.”

“ಓದೂದು ಯಾವಾಗ್ರಿ?” ಎಂದು ದಾಕ್ಷಾಯಣಿ ಕೇಳಿದರು.

“ಅದು ಆಮ್ಯಾಲ ತಾನ ಆಗ್ತೈತ್ರಿ.”

ಬಿಡುಗಡೆಯ ದಿನ ನನ್ನನ್ನು ಮಿರುಗುವ ಕಾಗದದಲ್ಲಿ ಸುತ್ತಿ, ವೇದಿಕೆಯ ಮೇಲೆ ಬಿಚ್ಚಿ, ಫೋಟೋ ಮುಗಿಯುವವರೆಗೆ ಎದೆಯ ಮುಂದೆ ಹಿಡಿದರು. ಮುಖ್ಯ ಅತಿಥಿಗಳು ಶಾಲು ಒಯ್ದರು, ಹಣ್ಣಿನ ಬುಟ್ಟಿ ಒಯ್ದರು, ನನ್ನನ್ನು ಕುರ್ಚಿಯ ಮೇಲೆ ಬಿಟ್ಟುಹೋದರು. ಹಾಗೆ ನಾನು ದಾಕ್ಷಾಯಣಿಯವರ ಮನೆಗೇ ಮರಳಿದೆ.

ಆಮೇಲೆ ಹೊಗಳಿಕೆಯ ಮಳೆ. ‘ಒಂದೇ ಉಸಿರಿನಲ್ಲಿ ಓದಿದೆ’, ‘ಕೆಳಗಿಡಲು ಮನಸ್ಸಾಗಲಿಲ್ಲ’. ಅವರು ಫೋನು ಹಿಡಿದು ಗಟ್ಟಿಯಾಗಿ ಓದಿಕೊಂಡು ಹಿಗ್ಗುತ್ತಿದ್ದರು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಓದಿದ್ದರೆ ನನ್ನ ಗಾಯ ಕಾಣುತ್ತಿರಲಿಲ್ಲವೇ? ಬೈದಾದರೂ ಬೈಯುತ್ತಿರಲಿಲ್ಲವೇ? ಪಾಪ, ದಾಕ್ಷಾಯಣಿಯವರಿಗೇ ಅದು ಗೊತ್ತಿರಲಿಲ್ಲ. ಕರಡು ತಿದ್ದುವಾಗ ಆ ಅಧ್ಯಾಯ ಓದಿ ಅವರು ಜ್ವರ ಬಂದು ಮಲಗಿದ್ದರು. ಅಚ್ಚಾದ ಮೇಲೆ ಅದನ್ನು ತೆರೆಯುವ ಧೈರ್ಯ ಬರಲಿಲ್ಲ.

ಆ ಧೈರ್ಯ ಬಂದದ್ದು ಮುಂದಿನ ವರ್ಷ. ಮಹಿಳಾ ಸಂಘದವರು ಕಾದಂಬರಿಯ ಒಂದು ಭಾಗ ಓದಿರೆಂದು ಕರೆದಿದ್ದರು. ದಾಕ್ಷಾಯಣಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಪರಿವಿಡಿ ನೋಡಿದರು. ಆ ಅಧ್ಯಾಯದ ಹೆಸರು ಅಲ್ಲಿತ್ತು. ಪುಟ ತಿರುವಿದರು, ಮತ್ತೆ ತಿರುವಿದರು. ಮನೆಯಲ್ಲಿ ಉಳಿದಿದ್ದ ಪ್ರತಿಗಳನ್ನೆಲ್ಲ ತೆಗೆದು ನೋಡಿದರು. ಪ್ರೆಸ್ಸಿಗೆ ಫೋನು ಹಚ್ಚಿದಾಗ, ಬಿಟ್ಟುಹೋದ ಆ ಹಾಳೆಗಳು ರದ್ದಿಗೆ ಹೋದವೆಂದು ತಿಳಿಯಿತು. ಸಿಕ್ಕಿದ್ದರೂ ಯಾವುದಕ್ಕೆ ಸೇರಿಸುವುದು? ಬಹುಪಾಲು ಪುಸ್ತಕಗಳನ್ನು ಆಗಲೇ ಹಂಚಿಯಾಗಿತ್ತು.

ಅದೇ ವಾರ ಬಳೂಟಗಿಯವರು ಬಂದರು. ಚಹಾ ಕುಡಿಯುತ್ತ, ಪ್ರಶಸ್ತಿಗೆ ಅರ್ಜಿ ಹಾಕುವ ಬಗೆ ಹೇಳಿಕೊಟ್ಟರು. ದಾಕ್ಷಾಯಣಿ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದರು:

“ಹನ್ನೊಂದನೇ ಮಂಚದ ಅಧ್ಯಾಯ ಹೆಂಗನಸ್ತ್ರಿ?”

“ಅಯ್ಯ, ಅದನ್ನೇನ ಕೇಳ್ತೀರಿ ಅಕ್ಕಾರ! ಅದನ್ನ ಓದೂಮುಂದ ಕಣ್ಣಾಗ ನೀರು ನಿಲ್ಲಲಿಲ್ಲ ನೋಡ್ರಿ.”

ದಾಕ್ಷಾಯಣಿ ಜಗಳವಾಡಲಿಲ್ಲ. “ಇನ್ನಷ್ಟು ಚಹಾ ಹಾಕಲೇನ್ರಿ?” ಎಂದು ಕೇಳಿ ಒಳಗೆ ಹೋದರು. ಆ ಮನುಷ್ಯ ಹೋಗುವವರೆಗೆ ಹೊರಗೆ ಬರಲೇ ಇಲ್ಲ. ಸಂಘದ ಕಾರ್ಯಕ್ರಮಕ್ಕೂ ಹೋಗಲಿಲ್ಲ. ಅವರಷ್ಟು ಒಂಟಿಯಾದ ಜೀವವನ್ನು ನಾನು ನೋಡಿಲ್ಲ.

ಈಗ ನನ್ನ ಅಂಚು ಹಳದಿಯಾಗಿದೆ, ಬೆನ್ನಿನ ಅಂಟು ಬಿಟ್ಟಿದೆ. ಕಪಾಟಿನ ಕೆಳಗಿನ ಅರೆಯೇ ನನ್ನ ಲೋಕ. ಮೊನ್ನೆ ಒಬ್ಬ ಟೀಚರು, ರಾಜೇಶ್ವರಿ ಎಂದು ಹೆಸರು, ತಾವೇ ಅಚ್ಚು ಹಾಕಿಸಿದ ಮೊದಲ ಕಾದಂಬರಿ ತಂದುಕೊಟ್ಟಿದ್ದರು. ದಾಕ್ಷಾಯಣಿ ಅದನ್ನು ತೆರೆಯದೆ ನನ್ನ ಮೇಲೆ ಇಟ್ಟರು. ನಿನ್ನೆ ಟೀಚರು ಮತ್ತೆ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು, ಸೆರಗು ಹಿಂಡುತ್ತ ಕೇಳಿದರು:

“ಓದಿದ್ರೇನ್ರಿ ಅಕ್ಕಾರ?”

ದಾಕ್ಷಾಯಣಿ ಆ ಮುಖವನ್ನು ನೋಡಿದರು. ಬೇಡ, ಸುಳ್ಳು ಹೇಳಬೇಡಿ, ನೀವಾದರೂ ಬೇಡ ಎಂದು ನಾನು ಕೆಳಗಿನಿಂದ ಅಂಗಲಾಚಿದೆ.

“ಓದಿದೆವ್ವಾ,” ಎಂದರು ಅವರು. “ಒಂದ ಉಸಿರಿನ್ಯಾಗ ಓದಿದೆ.”

ಟೀಚರು ಕಣ್ಣೊರೆಸಿಕೊಂಡು ಅವರ ಕಾಲಿಗೆರಗಿದರು. ಆ ಹೊಸ ಪುಸ್ತಕ ಇನ್ನೂ ನನ್ನ ಮೇಲೆಯೇ ಮಲಗಿದೆ. ಅದರ ಹೊಟ್ಟೆಯಲ್ಲಿ ಯಾವ ಕೂಸಿನ ನೋವಿದೆಯೋ, ಯಾರಿಗೆ ಗೊತ್ತು.