ಒಂದು ಗಂಟೆ ಕೂತಿದ್ದರೆ

ಕೂತುಕೊಳ್ಳುವುದೆಂದರೆ ಏನು ದೊಡ್ಡ ವಿದ್ಯೆಯೇ? ಎರಡು ವರ್ಷದ ಮಗುವಿಗೂ ಬರುತ್ತದೆ. ಆದರೆ ಠಾಣೆ ಶಹರದ ಒಂದು ಚೌಕದಲ್ಲಿ ಮೂವತ್ತೆಂಟು ವರ್ಷ ಹೋಟೆಲ್ ನಡೆಸಿದ ಶೇಖರನಿಗೆ ಅದೊಂದು ಮಾತ್ರ ಬರುತ್ತಿರಲಿಲ್ಲ. ದುಡ್ಡಿನ ಗಲ್ಲೆಯಲ್ಲಿ ಕೂರುತ್ತಿದ್ದ, ನಿಜ. ಆದರೆ ಅಲ್ಲಿ ಕೂತವನ ಕಣ್ಣು ಹದಿನಾಲ್ಕು ಟೇಬಲ್‌ಗಳ ಮೇಲೆ ಓಡಾಡುತ್ತಲೇ ಇರುತ್ತದೆ, ಅದಕ್ಕೆ ಕೂರುವುದು ಅನ್ನುವುದುಂಟೇ! ಊಟವೂ ಅಷ್ಟೆ. ಮಧ್ಯಾಹ್ನದ ಗಲಾಟೆ ಇಳಿದ ಮೇಲೆ ಭಟ್ಟಿಯ ಪಕ್ಕ ನಿಂತುಕೊಂಡೇ ಒಂದು ತಟ್ಟೆ ಅನ್ನ. ಗಿರಾಕಿಯ ಕುರ್ಚಿಯಲ್ಲಿ ಮಾಲಿಕ ಕೂರಬಾರದು ಎಂದು ಅವನಿಗೆ ಕಲಿಸಿದವರು ಸೋದರಮಾವ. ಹೋಟೆಲ್ ಕಟ್ಟಿದವರೂ ಅವರೇ, ತಂಗಿಯ ಮಗನೆಂದು ಅದನ್ನು ಇವನ ಕೈಗೆ ಕೊಟ್ಟು ಊರಿಗೆ, ಕಾಪುವಿಗೆ, ಹೊರಟುಹೋದವರೂ ಅವರೇ.

ಇಂಥವನನ್ನು ಮಗಳು ಮಾನಸಿ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಯೇವೂರಿನ ಕಾಡಿಗೆ ಹೊರಡಿಸಿದಳು. ಉಪವನ ಕೆರೆ ದಾಟಿ ಗುಡ್ಡ ಹತ್ತಿದರೆ ಸಾಗುವಾನಿ ಮರಗಳ ನಡುವೆ ಮೂರು ಮರದ ಮನೆಗಳು, ಸ್ವಲ್ಪ ಆಚೆ ತಗಡಿನ ಮಾಡಿನ ಒಂದು ಅಡುಗೆಮನೆ. ಟೀವಿ ಇಲ್ಲ, ಏಸಿ ಇಲ್ಲ, ಸೌದೆ ಒಲೆಯ ಊಟ. ಠಾಣೆಯ ಟವರುಗಳ ಫ್ಲಾಟುಗಳಲ್ಲಿ ಇರುವವರು ಎರಡು ದಿನ ಹೀಗೆ ಏನೂ ಇಲ್ಲದವರಂತೆ ಇರಲು ಅಲ್ಲಿಗೆ ಹೋಗುತ್ತಾರೆ. ಶೇಖರನಿಗೆ ಇದೆಲ್ಲ ಹುಚ್ಚಾಟ ಅನಿಸಿತ್ತು. ಹೆಂಡತಿ ವಿಮಲಾ, "ಒಮ್ಮೆ ಬನ್ನಿ, ಹುಡುಗಿ ಆಸೆಯಿಂದ ಬುಕ್ ಮಾಡಿದ್ದಾಳೆ" ಎಂದದ್ದಕ್ಕೆ ಬಂದಿದ್ದ.

ಬಂದ ಕೂಡಲೇ ಮಾನಸಿ ಜಗಲಿಯ ಮೇಲೆ ಅವನಿಗೊಂದು ಬೆತ್ತದ ಕುರ್ಚಿ ಎಳೆದಿಟ್ಟಳು. "ಪಪ್ಪಾ, ದೋ ದಿನ್ ಸಿರ್ಫ್ ಬೈಠನೇ ಕಾ. ಮುಝೇ ಆಪ್‌ಸೇ ಬಾತ್ ಕರ್ನೀ ಹೈ" ಎಂದಳು. ಠಾಣೆಯಲ್ಲೇ ಹುಟ್ಟಿ ಬೆಳೆದವಳು. ಮನೆಯ ತುಳು, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಎರಡು ದಿನ ಬರೇ ಕೂರಬೇಕು, ಮಾತಾಡಲಿಕ್ಕುಂಟು ಎಂದಳಲ್ಲ, ಶೇಖರ ಲೆಕ್ಕ ಹಾಕತೊಡಗಿದ. ಬೇಲಾಪುರದ ಆಫೀಸಿನಲ್ಲಿ ಕೆಲಸ, ಇಪ್ಪತ್ತೊಂಬತ್ತು ವರ್ಷ. ಇಂಥ ಮಗಳು ಅಪ್ಪನನ್ನು ಕಾಡಿಗೆ ಕರೆದುಕೊಂಡು ಬಂದು ಮಾತಾಡಬೇಕು ಎಂದರೆ ಇನ್ನೇನಿರುತ್ತದೆ? ಯಾರೋ ಹುಡುಗ. ಮರಾಠಿಯೋ ಗುಜರಾತಿಯೋ. ಬೇಡ ಅನ್ನುವ ಉದ್ದೇಶ ಅವನಿಗೇನೂ ಇರಲಿಲ್ಲ, ಪಾಪ. ಹೂಂ ಅನ್ನುವ ಮುಂಚೆ ಮನಸ್ಸನ್ನು ಸ್ವಲ್ಪ ಗಟ್ಟಿ ಮಾಡಿಕೊಳ್ಳಬೇಕಿತ್ತು, ಅಷ್ಟೆ. ಅದಕ್ಕೆ ಅವನು ಕುರ್ಚಿಯಿಂದ ಏಳಲು ನೆಪ ಹುಡುಕತೊಡಗಿದ. ಮೊದಲು ಹೋಟೆಲ್ಲಿಗೆ ನಾಲ್ಕು ಸಲ ಫೋನ್ ಮಾಡಿದ. ನಾಲ್ಕನೆಯ ಸಲ ಸೂಪರ್‌ವೈಸರ್ ರೇವಣಸಿದ್ದ, "ಸಾವ್ಕಾರ್ರ, ಹೋಟ್ಲ ಇಲ್ಲೇ ಐತ್ರಿ, ಎಲ್ಲೂ ಓಡಿ ಹೋಗಿಲ್ರಿ" ಎಂದು ಫೋನ್ ಇಟ್ಟುಬಿಟ್ಟ.

ಅಷ್ಟರಲ್ಲಿ ಅಡುಗೆಮನೆ ಕಡೆಯಿಂದ ಒಗ್ಗರಣೆ ಸೀದ ವಾಸನೆ ಬಂತು. ಇನ್ನು ಬೇರೆ ನೆಪ ಬೇಕೇ? "ಒಂದು ನಿಮಿಷ ನೋಡಿ ಬಂದೆ" ಎಂದು ಎದ್ದ. ಒಲೆಯ ಮುಂದೆ ಆ ಕಾಡಿನ ಆದಿವಾಸಿ ಹಾಡಿಯ ಹೆಂಗಸು ಗಂಗಾ ಹತ್ತು ಹನ್ನೆರಡು ಜನರಿಗೆ ಬೇಳೆ ಬೇಯಿಸುತ್ತಿದ್ದಳು. "ಶೇಟ್, ತುಮ್ಹೀ ಪಾವ್ಣೇ, ಬಸಾ ನಾ" ಎಂದು ನಕ್ಕಳು. ಅತಿಥಿ ಅಂತೆ, ಕೂರಬೇಕಂತೆ! ಇವನು ಲುಂಗಿ ಎತ್ತಿ ಕಟ್ಟಿ ಆಗಿತ್ತು. ಕೊತ್ತಂಬರಿ ಹುರಿದ, ತೆಂಗಿನಕಾಯಿ ಒಡೆದ, ಆ ಬೇಳೆಯನ್ನು ಸಾಂಬಾರಾಗಿಸಿದ. ಗಂಗಾ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಳು. ಕಲ್ಯಾಣದಿಂದ ಬಂದಿದ್ದ ಒಂದು ಕುಟುಂಬ ಮೂರು ಮೂರು ಸಲ ಹಾಕಿಸಿಕೊಂಡು ಉಂಡು, ರಾತ್ರಿಗೂ ನೀವೇ ಮಾಡುತ್ತೀರಾ ಎಂದು ಕೇಳಿತು. ಶೇಖರ ಹಿಗ್ಗಿ ಹೀರೇಕಾಯಿಯಾದ.

ಮಾನಸಿ ಮೂರು ಸಲ ಬಂದಳು. ಮೊದಲ ಸಲ, ಕೆರೆಯ ತನಕ ನಡೆದು ಬರೋಣ ಎಂದಳು. "ಈಗ ಬಂದೆ, ನೀನು ಹೋಗಿರು" ಎಂದ. ಎರಡನೆಯ ಸಲ, ಊಟಕ್ಕೆ ತನ್ನ ಜೊತೆ ಕೂರಿ ಎಂದಳು. "ಎಲ್ಲರದ್ದು ಆಗಲಿ ಮಗಾ" ಎಂದ. ಮೂರನೆಯ ಸಲ ನಾಲ್ಕು ಗಂಟೆಯ ಹೊತ್ತಿಗೆ ಬಂದು, ಇನ್ನು ಇವರನ್ನು ಕರೆದು ಪ್ರಯೋಜನವಿಲ್ಲ ಎಂದುಕೊಂಡಳೋ ಏನೋ, ತುರಿಮಣೆ ಎಳೆದುಕೊಂಡು ಅವನ ಪಕ್ಕದಲ್ಲೇ ಕಾಯಿ ತುರಿಯಲು ಕೂತಳು. ಹೋಟೆಲ್ಲಿನವನ ಮಗಳಾದರೂ ಅವಳು ಕಾಯಿ ತುರಿದದ್ದನ್ನು ಅವನು ನೋಡಿದ್ದಿಲ್ಲ. ಆದರೆ ಕೈ ಪಳಗಿತ್ತು, ಕರಟದ ಕಪ್ಪು ಒಂದಿಷ್ಟೂ ತಾಗದಂತೆ ತುರಿಯುತ್ತಿದ್ದಳು. ಇದನ್ನು ಯಾವಾಗ ಕಲಿತಳು ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಇವಳು ಮದುವೆಯಾಗಿ ತನ್ನ ಮನೆ ನೋಡಿಕೊಳ್ಳುತ್ತಾಳೆ, ಸಂತೋಷ. ಹೋಟೆಲ್ಲಿನ ಗತಿಯೇನು? ಮಾವನಿಂದ ಬಂದದ್ದು, ಅಕ್ಕತಂಗಿಯರ ಮಗನಾದ ಅಳಿಯನಿಗೇ ಹೋಗಬೇಕು. ಅಳಿಯಕಟ್ಟಿನ ಕಾನೂನು ಹೋಗಿ ಎಷ್ಟೋ ಕಾಲವಾಯಿತು, ಮನಸ್ಸಿನಿಂದ ಹೋಗಬೇಕಲ್ಲ. ಕಾಪುವಿನಲ್ಲಿರುವ ಅಕ್ಕ ಎರಡು ವರ್ಷದಿಂದ ತನ್ನ ಮಗ ಸುಜನ್‌ನ ವಿಷಯ ಎತ್ತುತ್ತಲೇ ಇದ್ದಳು. ಇವನು ನೋಡುವ, ನೋಡುವ ಎಂದು ಮುಂದೆ ತಳ್ಳಿದ್ದ. ಮಗಳ ಮಾತಿಗೆ ಒಪ್ಪಿಗೆ ಕೊಡುವ ಮುಂಚೆ ಈ ಒಂದು ಭಾರ ಇಳಿಸಿಬಿಡೋಣ ಎನಿಸಿತು. ಎನಿಸಿದ್ದೇ ತಡ, ಒಂದು ಕೈಯಲ್ಲಿ ಸೌಟು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಸುಜನ್ ಬರಲಿ. ಸಂಕ್ರಾಂತಿ ಕಳೆದ ಮೇಲೆ ಗಲ್ಲೆಯಲ್ಲಿ ಕೂರಲಿ. ಇನ್ನು ಹೋಟೆಲ್ ಅವನದ್ದೇ. ಇದು ನನ್ನ ಮಾತು" ಎಂದು ತುಳುವಿನಲ್ಲಿ ಹೇಳಿದ.

ತುರಿಮಣೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಶೇಖರ ಫೋನ್ ಜೇಬಿಗಿಳಿಸಿ, ನಗುನಗುತ್ತಾ ಮಗಳ ಕಡೆ ತಿರುಗಿದ. "ಹಾಂ, ಈಗ ಹೇಳು. ಹುಡುಗ ಯಾರು?"

ಮಾನಸಿ ಅವನ ಮುಖವನ್ನೇ ನೋಡಿದಳು. ಆಮೇಲೆ, ಎಂದೂ ಇಲ್ಲದವಳು, ಕನ್ನಡದಲ್ಲಿ ಹೇಳಿದಳು. "ಹುಡುಗ ಯಾರೂ ಇಲ್ಲ ಪಪ್ಪಾ. ಕಾಯಿ ತುರಿದಾಯ್ತು." ತಟ್ಟೆಯನ್ನು ಅವನ ಮುಂದೆ ಸರಿಸಿ ಹೊರಗೆ ಹೋದಳು.

ಅವನಿಗೆ ಆಗಲೂ ಹೊಳೆಯಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡ ಮಹಾರಾಯ.

ಹೊಳೆಯಿಸಿದ್ದು ವಿಮಲಾ, ಸಂಜೆ ಜಗಲಿಯಲ್ಲಿ. ಅವಳು ಕೂಗಾಡುವ ಜಾತಿಯಲ್ಲ. ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು. "ನೀವು ಅತ್ತಿಗೆಗೆ ಮಾತು ಕೊಟ್ಟಿರಂತೆ?"

"ಹೌದು. ಒಂದಲ್ಲ ಒಂದು ದಿನ ಕೊಡುವುದೇ ಅಲ್ಲವಾ?"

"ಅವಳು ನಿಮ್ಮ ಹತ್ರ ಹೋಟೆಲ್ ಕೇಳ್ಲಿಕ್ಕೆ ಇಲ್ಲಿಗೆ ಕರಕೊಂಡು ಬಂದದ್ದು."

ವಿಮಲಾ ಎಲ್ಲ ಹೇಳಿದಳು. ಒಂದು ವರ್ಷದಿಂದ ಶನಿವಾರ ಶನಿವಾರ ಗೆಳತಿಯ ಮನೆಗೆಂದು ಹೋಗುತ್ತಿದ್ದವಳು ಬೆಳಗಿನ ಜಾವ ರೇವಣಸಿದ್ದನ ಜೊತೆ ವಾಶಿ ಮಾರ್ಕೆಟ್ಟಿಗೆ ಹೋಗಿ ತರಕಾರಿ ಆರಿಸುವುದು ಕಲಿತಿದ್ದಳು. ಅಕ್ಕಿ ಉದ್ದಿನ ಅಳತೆ ಕಲಿತಿದ್ದಳು, ರುಬ್ಬುವುದು ಕಲಿತಿದ್ದಳು. ಪಪ್ಪ ಒಪ್ಪಿದರೆ ಸೋಮವಾರವೇ ಆಫೀಸಿಗೆ ರಾಜೀನಾಮೆ ಕೊಡುವವಳಿದ್ದಳು.

"ನಂಗೆ ಒಂದು ಮಾತು ಹೇಳ್ಬಾರದಿತ್ತಾ ನೀನು?" ಎಂದ ಶೇಖರ.

"ನಾನೇ ಹೇಳ್ತೇನೆ ಅಂದಳು. ಹೋಟೆಲ್‌ನಲ್ಲಿ ಹೇಳಿದ್ರೆ ನಿಮ್ಮ ಕಿವಿ ಟೇಬಲ್ ಮೇಲೆ ಇರ್ತದೆ, ಮನೆಗೆ ಬಂದರೆ ನಿದ್ದೆ. ಎಲ್ಲಾದರೂ ಒಂದು ಗಂಟೆ ಕೂತರೆ ಸಾಕು ಅಂದಳು. ನೀವು ಒಂದು ಗಂಟೆ ಕೂರ್ಲಿಲ್ಲ."

ವಿಮಲಾಳ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ತನ್ನ ಮೇಲೇ ಅಸಹ್ಯವಾಯಿತು. ಇಷ್ಟು ವರ್ಷ ಯಾರ್ಯಾರದೋ ಹೊಟ್ಟೆಯ ಹಸಿವನ್ನು ಮುಖ ನೋಡಿಯೇ ಹೇಳುತ್ತಿದ್ದವನಿಗೆ ಮನೆಯ ಹುಡುಗಿಗೆ ಏನು ಬೇಕೆಂದು ತಿಳಿಯಲಿಲ್ಲವಲ್ಲ. ಮಗಳಿಗೆ ಮದುವೆ ಬಿಟ್ಟು ಬೇರೆ ಮಾತಿರಬಹುದು ಎಂದು ಒಂದು ಕ್ಷಣವೂ ಅನಿಸಲಿಲ್ಲವಲ್ಲ. ಕಲ್ಯಾಣದವರು ಊಟಕ್ಕೆ ಕರೆಯಲು ಬಂದಾಗ ತಲೆನೋವು ಎಂದು ಹೇಳಿ ಮಲಗಿದ.

ಬೆಳಿಗ್ಗೆ ಎದ್ದವನು ಒಂದು ನಿರ್ಧಾರ ಮಾಡಿದ್ದ. ಚಹಾ ಕೂಡ ಕುಡಿಯದೆ ಗುಡ್ಡದ ಅಂಚಿಗೆ ನಡೆದ. ಅಲ್ಲಿಂದ ಕೆಳಗೆ ಕೆರೆ, ಅದರಾಚೆ ಟವರುಗಳು, ಎಲ್ಲ ಮಂಜಿನಲ್ಲಿ ಅರ್ಧರ್ಧ ಕಾಣುತ್ತಿದ್ದವು. ಅಕ್ಕನಿಗೆ ಫೋನ್ ಮಾಡಿದ. ನಿನ್ನೆ ದುಡುಕಿದೆ, ಹೋಟೆಲ್ ಮಾನಸಿಗೆ ಕೊಡುತ್ತೇನೆ, ಸುಜನ್‌ಗೆ ಬೇರೆ ದಾರಿ ಮಾಡೋಣ. ಮೂರು ಮಾತು. ಬಾಯಿಪಾಠ ಮಾಡಿಕೊಂಡಿದ್ದ.

ಅಕ್ಕ ಅವನಿಗೆ ಬಾಯಿ ತೆರೆಯಲೇ ಬಿಡಲಿಲ್ಲ. "ಶೇಖರಾ, ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ ಮಾರಾಯ. ಮನೆ ದೈವದ ಎದುರು ದೀಪ ಇಟ್ಟು ಹೇಳಿಕೊಂಡೆ. ಸುಜನ್ ತಾನು ಕೆಲಸಕ್ಕಿರುವ ಅಂಗಡಿಯವರಿಗೂ ಬಿಡ್ತೇನೆ ಅಂತ ಹೇಳಿ ಆಯ್ತು. ಮಾವ ಕೊಟ್ಟದ್ದನ್ನು ನೀನು ಮರೀತೀಯೋ ಅಂತ ಹೆದರಿಕೆ ಇತ್ತು ನಂಗೆ. ನೀನು ಮರೀಲಿಲ್ಲ." ಅವಳು ಅಳುತ್ತಿದ್ದಳು.

"ಅಕ್ಕಾ, ಒಂದು ವಿಷಯ..."

"ಹೇಳು."

ಹೇಳಬೇಕಿತ್ತು. ತರಕಾರಿಯವನಿಗೆ, ಗ್ಯಾಸಿನವನಿಗೆ, ಕೆಲಸಕ್ಕೆ ತಡವಾಗಿ ಬಂದವನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ ಗಂಡಸು. ಮಗಳ ಬಾಳು ಎದುರಿಗಿತ್ತು. "ಅವನು ಬರುವಾಗ ದಪ್ಪ ಬಟ್ಟೆ ಎಲ್ಲ ತರುವುದು ಬೇಡ. ಇಲ್ಲಿ ಅಷ್ಟು ಚಳಿ ಇಲ್ಲ" ಎಂದುಬಿಟ್ಟ.

ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದ. ಮತ್ತೊಮ್ಮೆ ಮಾಡಬಹುದಿತ್ತು, ಸಿಗ್ನಲ್ ಚೆನ್ನಾಗಿಯೇ ಇತ್ತು.

ವಾಪಸ್ ಬಂದಾಗ ಮಾನಸಿ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದಳು. ಶೇಖರ ಅವಳ ಪಕ್ಕದಲ್ಲಿ ಕೂತ. "ನಿನ್ನೆ ಎಂತ ಹೇಳ್ಬೇಕು ಅಂತ ಇದ್ದೆಯೋ ಅದನ್ನು ಹೇಳು. ಕೂತಿದ್ದೇನೆ" ಎಂದ.

ಅವಳು ಒಮ್ಮೆ ಅವನನ್ನು, ಒಮ್ಮೆ ಅವನ ಕೈಯಲ್ಲಿದ್ದ ಫೋನನ್ನು ನೋಡಿದಳು. ಬೇಡ ಅನ್ನುತ್ತಾಳೆ ಎಂದುಕೊಂಡಿದ್ದ. ಅವಳು ಹೇಳತೊಡಗಿದಳು. ಹಿಂದಿ, ಕನ್ನಡ, ನಡುನಡುವೆ ಮರಾಠಿ. ಘೋಡ್‌ಬಂದರ್ ರಸ್ತೆಯ ಟವರುಗಳಿಗೆ ಹೋಗಿ ನೆಲೆಸಿದ ಹಳೆಯ ಗಿರಾಕಿಗಳು ಯಾರು, ಅವರು ಈಗ ಇಡ್ಲಿ ಎಲ್ಲಿಂದ ತರಿಸುತ್ತಾರೆ. ಮೂರರಿಂದ ಐದರ ನಡುವೆ ಖಾಲಿ ಬೀಳುವ ಟೇಬಲ್ಲುಗಳಲ್ಲಿ ಯಾರನ್ನು ಕೂರಿಸಬಹುದು. ರೇವಣಸಿದ್ದನ ಮನೆಯ ಜೋಳದ ರೊಟ್ಟಿ ವಾರಕ್ಕೊಂದು ದಿನ ಇಟ್ಟರೆ ಬರುವವರು ಎಷ್ಟು ಜನ. ಹೆಸರು ಬದಲಿಸುವುದು ಬೇಡ, ಬೋರ್ಡು ತೊಳೆದರೆ ಸಾಕು. ಒಂದು ಗಂಟೆಗೂ ಹೆಚ್ಚಾಯಿತು. ಅಡುಗೆಮನೆಯಲ್ಲಿ ಏನೋ ಉಕ್ಕಿ ಒಲೆಗೆ ಬಿದ್ದ ಸದ್ದಾಯಿತು, ಶೇಖರ ಏಳಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದ, ಒಂದಾದರೂ ಸಿಕ್ಕಿದ್ದರೆ ಅವನ ಮನಸ್ಸಿಗೆ ಅಷ್ಟಾದರೂ ಸಮಾಧಾನವಾಗುತ್ತಿತ್ತು. ಸಿಗಲಿಲ್ಲ. ಆ ಹೋಟೆಲ್ಲು ಅವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಅವಳು ಕೇಳಿದಳು. "ಅತ್ತೆಗೆ ಹೇಳಿದ್ರಾ?"

"ಇಲ್ಲ ಮಗಾ. ಹೇಳ್ಲಿಕ್ಕೆ ಅಂತಲೇ ಹೋದದ್ದು. ಬಾಯಿ ಬರ್ಲಿಲ್ಲ."

"ಗೊತ್ತಿತ್ತು. ನೀವು ನಡ್ಕೊಂಡು ಬರುವಾಗಲೇ ಗೊತ್ತಾಯ್ತು."

"ಗೊತ್ತಿದ್ದೂ ಇಷ್ಟೆಲ್ಲ ಯಾಕೆ ಹೇಳಿದ್ದು?"

"ಸುಜನ್‌ಗೆ ಹೇಳ್ಲಿಕ್ಕೆ" ಎಂದಳು ಮಾನಸಿ. ಕಣ್ಣು ಕೆಂಪಾಗಿತ್ತು, ದನಿ ಗಟ್ಟಿಯಾಗಿಯೇ ಇತ್ತು. "ಅವನಿಗೆ ಇಲ್ಲಿಯ ಗಿರಾಕಿ ಗೊತ್ತಿಲ್ಲ. ಮೊದಲು ಆ ಮೂರು ಗಂಟೆಯ ಟೇಬಲ್ ನೋಡ್ಲಿಕ್ಕೆ ಹೇಳಿ. ಹೋಟೆಲ್ ಬಂದ್ ನಹೀ ಹೋನಾ ಚಾಹಿಯೇ, ಪಪ್ಪಾ."

ಹೋಟೆಲ್ ಮುಚ್ಚಬಾರದಂತೆ, ಅಷ್ಟೆ. ಶೇಖರ ಬೇರೆ ಏನಾದರೂ ಹೇಳಬೇಕೆಂದುಕೊಂಡ. ಆಮೇಲೆ ತಲೆಯಾಡಿಸಿ, "ಆಯ್ತು, ಹೇಳ್ತೇನೆ" ಎಂದ.