ಪಾಲಾದ ಸ್ಟೇರಿಂಗ್

ಮಧ್ಯಾಹ್ನದ ಊಟ ಮುಗಿಯಿತೆಂದರೆ ಮುರುಗೇಶಪ್ಪನವರಿಗೆ ಹೊರಡುವ ಹೊತ್ತು. ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಬಳಿದುಕೊಂಡು, ವಿನೋಬನಗರದ ಮನೆಯ ಹಿತ್ತಲಿನ ಶೆಡ್ಡಿಗೆ ಹೋಗಿ, ಅವರಪ್ಪ ಕೊಂಡಿದ್ದ ಸಾವಿರದ ಒಂಬೈನೂರ ಇಪ್ಪತ್ತೇಳನೇ ಇಸವಿಯ ಷೆವರ್ಲೆ ಕಾರಿನಲ್ಲಿ ಕೂರುತ್ತಿದ್ದರು. ಆ ಕಾರಿಗೆ ಸ್ಟೇರಿಂಗೇ ಇರಲಿಲ್ಲ! ಅದಿರಬೇಕಾದ ಕಡೆ ಒಂದು ತೂತು, ಅಷ್ಟೆ. ಇವರಿಗೇನು ಅದರ ಚಿಂತೆ? ಎರಡೂ ಕೈಗಳನ್ನು ಗಾಳಿಯಲ್ಲಿ ದುಂಡಗೆ ಹಿಡಿದು, ಮೆಲ್ಲಗೆ ತಿರುಗಿಸುತ್ತ ಹೊರಟೇಬಿಡುತ್ತಿದ್ದರು.

"ಹರಿಹರದ ಸೇತುವೆ ಬಂತು. ಹೊಳೆ ತುಂಬೈತೆ ನೋಡೋ ಹಾಲಾ," ಎಂದು ಎಡಗಡೆಯ ಖಾಲಿ ಸೀಟಿಗೆ ಹೇಳುತ್ತಿದ್ದರು.

ಮಗಳು ವಾಣಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಶೆಡ್ಡಿನ ಬಾಗಿಲಲ್ಲಿ ನಿಂತರೆ ಅವಳಿಗೂ ಹೊಳೆಯ ತಂಪು ಮುಖಕ್ಕೆ ತಾಗಿದಂತೆ, ಹುಣಸೆಮರಗಳ ನೆರಳು ಒಂದೊಂದಾಗಿ ಗೋಡೆಯ ಮೇಲೆ ಹಿಂದಕ್ಕೆ ಸರಿದಂತೆ ಆಗುತ್ತಿತ್ತು. ಆದರೆ ಈಚೆಗೆ ಅಪ್ಪ ಆ ದಾರಿಯಿಂದ ತಿರುಗಿ ಬರುವುದೇ ತಡವಾಗತೊಡಗಿತು. ಕರೆದರೆ ಓಗೊಡುತ್ತಿರಲಿಲ್ಲ. ಒಂದು ಸಂಜೆ ಕೈಹಿಡಿದು ಇಳಿಸಿದಾಗ, "ನೀವು ಯಾರ ಪೈಕಿ, ತಾಯಿ?" ಎಂದು ಕೇಳಿಬಿಟ್ಟರು. ವಾಣಿ ಅಪ್ಪನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಈ ಮನುಷ್ಯ ಒಂದು ದಿನ ಅಲ್ಲೇ ಎಲ್ಲೋ ಉಳಿದುಬಿಟ್ಟರೆ ಏನು ಗತಿ? ಕೈಗೆ ನಿಜವಾದ ಸ್ಟೇರಿಂಗ್ ಸಿಕ್ಕರೆ ಅದರ ತೂಕಕ್ಕಾದರೂ ಅಪ್ಪ ಇಲ್ಲಿ ನಿಂತಾರು ಎಂದು ಅವಳಿಗೆ ಅನ್ನಿಸಿತು.

ವಾಣಿ ಹಳೇ ಪಿ.ಬಿ. ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರುಗಳ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸುವವಳು. ಹಳೇ ಕಾರಿನ ಹುಚ್ಚರ ವಾಟ್ಸಾಪ್ ಗುಂಪು ಸೇರಿ ವಿಚಾರಿಸಿದಳು. ಅವರೋ, ಒಬ್ಬೊಬ್ಬರೂ ಮಹಾ ಪಂಡಿತರು! ಒಬ್ಬ ಕಳಿಸಿದ ಫೋಟೋ ನೋಡಿದರೆ ಅದು ಮುಂದಿನ ಮಾಡೆಲ್ಲಿನದು, ಸ್ಟೇರಿಂಗ್ ಕಂಬದ ಅಳತೆಯೇ ಬೇರೆ. ಇನ್ನೊಬ್ಬನದು ಸ್ಟೇರಿಂಗ್ ಎಡಕ್ಕಿರುವ ಅಮೆರಿಕದ ಎಡಗೈ ಗಾಡಿಯದು. ಕಂಬದ ಬುಡದ ಬಾಕ್ಸಿನೊಳಗೆ ಗಾಲಿ ತಿರುಗಿಸುವ ಸುರುಳಿ ಉಲ್ಟಾ. ಹಾಕಿದರೆ ಬಲಕ್ಕೆ ತಿರುಗಿಸಿದಾಗ ಕಾರು ಎಡಕ್ಕೆ ಹೋಗುತ್ತದೆ. ಇರುವ ಫಜೀತಿಯೇ ಸಾಲದೇ ಎಂದು ವಾಣಿ ಫೋನು ಕುಕ್ಕಿದಳು.

ಕಡೆಗೆ ಹರಿಹರದ ಗುಜರಿ ವ್ಯಾಪಾರಿ ಜಮಾಲ್ ಸಾಬರ ಹತ್ತಿರ ಹೋದಳು. ಅವರು ಕೇಳಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕಳುವಾಯ್ತು ಅಂತ ಹೇಳ್ಯಾರೇನು ನಿಮ್ಮಪ್ಪ? ಕಳುವಾಗಿಲ್ಲ ವಾಣಕ್ಕ, ಪಾಲಾಗೈತೆ! ಕೊಂಡಜ್ಜಿಗೆ ಹೋಗ್ರಿ. ನಿಮ್ಮ ಚಿಕ್ಕಪ್ಪನ ಮನಿಯಾಗೈತೆ."

ಆದದ್ದಿಷ್ಟು. ವಾಣಿ ತೊಟ್ಟಿಲ ಕೂಸಾಗಿದ್ದಾಗ ಮುರುಗೇಶಪ್ಪ ಮತ್ತು ತಮ್ಮ ಹಾಲಪ್ಪ ಬೇರೆಯಾದರು. ಹೊಲ, ಅಂಗಡಿ, ಹಂಡೆ, ಕೊಳಗ ಎಲ್ಲ ಸಮಸಮ ಪಾಲಾಯಿತು. ಕಾರನ್ನು ಹೇಗೆ ಕೊಯ್ಯುವುದು? ಪಂಚರು ಅದನ್ನು ಅಣ್ಣನಿಗೆ ಕೊಟ್ಟರು. "ಹಂಗಾದ್ರೆ ನನ್ನ ಪಾಲು ನಾನು ತಗಂತೀನಿ," ಎಂದು ಹಾಲಪ್ಪ ಸ್ಟೇರಿಂಗನ್ನು ಬಾಕ್ಸಿನ ಸಮೇತ ಬಿಚ್ಚಿ, ಹೆಗಲ ಮೇಲೆ ಹೊತ್ತು ಹೊರಟೇಹೋದರು. ಆವತ್ತಿನಿಂದ ಮದುವೆಯಿಲ್ಲ, ಮಣ್ಣಿಲ್ಲ, ಒಬ್ಬರ ಹೊಸ್ತಿಲು ಒಬ್ಬರು ತುಳಿದಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಕೊಂಡಜ್ಜಿಯಲ್ಲಿ ಕೆರೆಯ ಕಡೆ ಮುಖ ಮಾಡಿದ ಮನೆ. ವಾಣಿ ತಾನು ಯಾರೆಂದು, ಯಾಕೆ ಬಂದೆನೆಂದು ಹೇಳಿದ ಕೂಡಲೇ ಹಾಲಪ್ಪ ಅಟ್ಟದಿಂದ ಹಳೇ ಪಂಚೆಯಲ್ಲಿ ಸುತ್ತಿದ ಗಂಟನ್ನು ಇಳಿಸಿದರು. ವಾಣಿ ಬಿಚ್ಚಿ ನೋಡಿದಳು. ಕಂಬದ ಅಳತೆ ಸರಿ, ಬಲಗೈ ಗಾಡಿಯದೇ ಸುರುಳಿ. ಚಕ್ರ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗಿತು. ಬೆರಳಿಗೆ ಹತ್ತಿದ್ದನ್ನು ಮೂಸಿದಳು. ಹೊಸ ಗ್ರೀಸು!

"ಚಿಕ್ಕಪ್ಪಾ, ಕಾರೇ ಇಲ್ಲ, ಇದಕ್ಕೆ ಗ್ರೀಸ್ ಯಾಕ ಹಾಕ್ತೀರಿ?"

ಹಾಲಪ್ಪ ಕೆರೆಯ ಕಡೆ ನೋಡಿದರು. ನಡುಹಗಲಿನ ನೀರು ಅಲುಗಾಡದೆ ಮಲಗಿತ್ತು. "ವರ್ಷಾ ಆಯುಧ ಪೂಜೆಗೆ ಹಾಕ್ತೀನವಾ. ಯಾವತ್ತಾರ ಬಂದು ಕೇಳಿದ್ರೆ ತುಕ್ಕು ಹಿಡಿದಿರಬಾರ್ದಲ್ಲ."

ವಾಣಿ ಚಕ್ರವನ್ನು ಮತ್ತೊಮ್ಮೆ ಮೆಲ್ಲಗೆ ಸವರಿದಳು. ಆದರೂ ಅಂಗಡಿಯವಳ ಕಣ್ಣು ಬಾಕ್ಸಿನ ಕೆಳಗೆ ಹೋಯಿತು. ಅಲ್ಲಿರಬೇಕಾದ ಡ್ರಾಪ್ ಆರ್ಮ್ ಇಲ್ಲ! ಮೊಣಕೈ ಉದ್ದದ ಆ ಕಬ್ಬಿಣದ ತೋಳು ಇಲ್ಲದಿದ್ದರೆ ಮೇಲೆ ಎಷ್ಟು ತಿರುಗಿಸಿದರೂ ಕೆಳಗೆ ಗಾಲಿ ತಿರುಗುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗಾಯಿತು.

"ನನ್ನ ಕೇಳಬ್ಯಾಡ," ಎಂದರು ಹಾಲಪ್ಪ. "ನಾನು ಬಿಚ್ಚೋಕೆ ಹೋಗೋ ಮೊದಲೇ ನಿಮ್ಮಪ್ಪ ಅದನ್ನ ಬಿಚ್ಚಿ ಮುಚ್ಚಿಟ್ಟಿದ್ದ. ನಾನು ಎಲ್ಲಿ ಬ್ಯಾರೆ ಕಾರಿಗೆ ಹಾಕ್ಕಂಡು ಮೆರಿತೀನೋ ಅಂತ! ಈಗ ಅವನೇ ಬಂದು ಕೇಳ್ಲಿ, ಇದನ್ನ ಕೊಡ್ತೀನಿ."

ವಾಣಿಗೆ ರೇಗಿಹೋಯಿತು. "ನಿಮ್ಮ ಹಠಕ್ಕಿಷ್ಟು ಬೆಂಕಿ ಹಾಕ! ದಿನಾ ಬರೀ ಕೈಯಾಗೆ ಕಾರು ಹೊಡ್ಕಂಡು ಹರಿಹರದ ಸೇತುವೆ ದಾಟಿ ಹೋಗ್ತಾರೆ ಅಪ್ಪ, ಗೊತ್ತೈತೇನು ನಿಮಗೆ? ಖಾಲಿ ಸೀಟಿನ ಕೂಡ ಮಾತಾಡ್ತಾರೆ. ಹಾಲಾ, ಹಾಲಾ ಅಂತಾರೆ. ನನ್ನ ಹೆಸರು ಮರ್ತಾರೆ ಚಿಕ್ಕಪ್ಪಾ. ನಿಮ್ದು ಮರ್ತಿಲ್ಲ."

ಹಾಲಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು, ಗಂಟನ್ನು ಎದೆಗವಚಿಕೊಂಡರು. "ನಡಿ," ಎಂದರು.

ಶೆಡ್ಡಿಗೆ ಬಂದಾಗ ಮುರುಗೇಶಪ್ಪ ದಾರಿಯಲ್ಲಿದ್ದರು. ಸಂಜೆಯ ಬಿಸಿಲು ಹಂಚಿನ ಸಂದಿಯಿಂದ ಇಳಿದು, ಧೂಳು ಹೊನ್ನಿನ ಬಣ್ಣಕ್ಕೆ ತಿರುಗಿ, ನಿಂತ ಕಾರು ನಿಜಕ್ಕೂ ಹೋಗುತ್ತಿರುವ ಹಾಗೆ ಕಾಣುತ್ತಿತ್ತು. ಹಾಲಪ್ಪ ಎಡಬಾಗಿಲು ತೆಗೆದು, ಸ್ಟೇರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಇಬ್ಬರೂ ಮುಂದೆ ನೋಡುತ್ತ ಸ್ವಲ್ಪ ದೂರ ಹೋದರು. ಎಷ್ಟು ದೂರವೋ, ಎಲ್ಲೆಲ್ಲಿಯೋ, ವಾಣಿಗೆ ಗೊತ್ತಾಗಲಿಲ್ಲ.

"ಅಣ್ಣಾ," ಎಂದರು ಹಾಲಪ್ಪ. "ನಮ್ಮೂರು ಬಂತು. ಸಾಕು, ನಿಲ್ಸು."

ಗಾಳಿಯಲ್ಲಿದ್ದ ಕೈಗಳು ನಿಂತವು. ಮುರುಗೇಶಪ್ಪ ಮೆಲ್ಲಗೆ ಎಡಕ್ಕೆ ತಿರುಗಿ, ಆ ಬೋಳುತಲೆ, ಆ ಹಲ್ಲಿಲ್ಲದ ಬಾಯಿ ಎಲ್ಲವನ್ನೂ ನೋಡಿದರು.

"ಹಾಲಾ! ಎಷ್ಟು ಮುದುಕ ಆಗಿಬಿಟ್ಟಿಯಲ್ಲೋ!"

"ನೀನೇನು ಮದುಮಗ ಇದ್ದೀಯೇನು?" ಎಂದು ತಮ್ಮ ರೇಗಿದರು. ಇಬ್ಬರೂ ನಕ್ಕರು. ನಗುತ್ತ ನಗುತ್ತಲೇ ಒಬ್ಬರ ಕೈ ಒಬ್ಬರು ಹಿಡಿದು ಅತ್ತರು.

"ಡ್ರಾಪ್ ಆರ್ಮ್ ಎಲ್ಲೈತೆ? ಕೊಡಿಲ್ಲಿ," ಎಂದರು ಹಾಲಪ್ಪ ಮೂಗೊರೆಸಿಕೊಂಡು.

ಮುರುಗೇಶಪ್ಪ ಯೋಚಿಸಿ ಯೋಚಿಸಿ ಹಣೆ ಬಡಿದುಕೊಂಡರು. "ನಿನಗೆ ಸಿಗಬಾರ್ದು ಅಂತ ಭಾಳ ಚೆನ್ನಾಗಿ ಇಟ್ಟೀನಿ ಕಣೋ. ಎಲ್ಲಿ ಅಂತ ನನಗೇ ನೆಪ್ಪಿಲ್ಲ!"

ಮರುದಿನದಿಂದ ಹಾಲಪ್ಪ ಬೆಳಗಿನ ಬಸ್ಸು ಹಿಡಿದು ಹುಡುಕಲು ಬರತೊಡಗಿದರು. ಇಬ್ಬರು ಮುದುಕರೂ ಶೆಡ್ಡನ್ನು ತಲೆಕೆಳಗು ಮಾಡಿದರು. ಡಬ್ಬಿ ಸುರುವಿದರು, ಚೀಲ ಕೊಡವಿದರು, ಹೊತ್ತಿಗೊಮ್ಮೆ ಜಗಳಾಡಿದರು. ಮುರುಗೇಶಪ್ಪನವರಿಗೆ ಗಾಳಿಯಲ್ಲಿ ಕಾರು ಓಡಿಸಲು ಪುರುಸೊತ್ತೆಲ್ಲಿ? ಮಧ್ಯಾಹ್ನ ಶೆಡ್ಡಿನಿಂದಲೇ ಮನೆಯೊಳಕ್ಕೆ ಕೂಗುತ್ತಿದ್ದರು. "ವಾಣೀ, ಹಾಲಗೆ ಮಂಡಕ್ಕಿ, ಚಾ ತಗಂಬಾರವಾ!" ತನ್ನ ಹೆಸರನ್ನು ಕೇಳಿ ವಾಣಿ ಅಡುಗೆಮನೆಯಲ್ಲಿ ಸೆರಗು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಒಂದು ದಿನ ಅವಳೂ ಏಣಿ ಹಾಕಿಕೊಂಡು ಮೇಲೆ ಹತ್ತಿದಳು. ತೊಲೆಗೂ ಹಂಚಿಗೂ ನಡುವೆ, ಟೈರಿನ ಟ್ಯೂಬಿನಲ್ಲಿ ಸುತ್ತಿದ್ದ ಏನೋ ಭಾರವಾದ್ದು ಕೈಗೆ ಸಿಕ್ಕಿತು. ಬಿಚ್ಚಿದಳು. ಅದೇ! ಊರೂರು, ದೇಶದೇಶ ಹುಡುಕಿದವಳಿಗೆ ಕಡೆಯ ಪಾರ್ಟು ಅಂಗೈ ಮೇಲಿತ್ತು. ಒಂದು ಗಂಟೆಯ ಕೆಲಸ, ಸ್ಟೇರಿಂಗ್ ಕೂತುಬಿಡುತ್ತಿತ್ತು.

"ಥೂ ನಿನ್ನ, ಆ ಡಬ್ಬಿ ನಿನ್ನೇನೇ ನೋಡಿದ್ವಲ್ಲೋ!" ಕೆಳಗೆ ಅಪ್ಪನ ಬೈಗುಳ ಕೇಳಿಸಿತು.

"ವಾಣೀ, ಸಿಕ್ತೇನವಾ?" ಚಿಕ್ಕಪ್ಪ ಕತ್ತೆತ್ತಿ ಕೇಳಿದರು.

ವಾಣಿ ಅದನ್ನು ಮತ್ತೆ ಸುತ್ತಿ, ತೊಲೆಯ ಹಿಂದಕ್ಕೆ ಇನ್ನಷ್ಟು ದೂಡಿ, ಕೈ ಕೊಡವಿಕೊಂಡಳು.

"ಇಲ್ಲ ಚಿಕ್ಕಪ್ಪಾ," ಎಂದಳು. "ನಾಳೆ ಬರ್ರಿ, ಹುಡುಕಾಣ."